ಕೂಸಿನ ಕೌದಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ನಮ್ಮ ತಲೆಮಾರಿನವರೆಗೂ ಕೂಸು ಹುಟ್ಟಿದೊಡನೆ ಅದರ ಮೈಗೆ ತಾಗುತ್ತಿದ್ದ ಮೊದಲ ಅರಿವೆ ಹಳೆಯದೇ ಆಗಿರುತ್ತಿತ್ತು. ಮೈಗೆ ಸುತ್ತಲು ಅಜ್ಜನ ಹಳೆಯ ದೋತರದ ತುಂಡು, ಕೆಳಗೆ ಹಾಸಲು ಮತ್ತು ಮೇಲೆ ಹೊದಿಸಲು ಹಳೆಯ ಸೀರೆಗಳ ಚಿಂದಿಗಳಿಂದ ಹೊಲಿದ ಸಣ್ಣ ಕೌದಿ. ಮನೆಯಲ್ಲಿ ಹೊಸ ಅರಿವೆ ಇದ್ದರೂ ಅದನ್ನು ತೆಗೆಯುತ್ತಿರಲಿಲ್ಲ. ಉಳ್ಳವರ ಮನೆಯಲ್ಲಿಯೂ ಇದೇ ಪದ್ಧತಿ, ಇಲ್ಲದವರ ಮನೆಯಲ್ಲಿಯೂ ಇದೇ ಪದ್ಧತಿ. ಈಗ ಹೆರಿಗೆಗೆ ಮೊದಲೇ ಪೇಟೆಯಿಂದ ಫ್ಲಾನೆಲ್ ಹೊದಿಕೆ ತಂದಿಡುವ ನಮ್ಮ ಹೆಣ್ಣುಮಕ್ಕಳು "ಹಳೆಯದನ್ನೇಕೆ ಹೊದಿಸುತ್ತಿದ್ದಿರಿ?" ಎಂದು ಕೇಳುತ್ತಾರೆ. ಪ್ರಶ್ನೆ ಸಣ್ಣದು. ಆದರೆ ಅದರ ಉತ್ತರದಲ್ಲಿ ನಮ್ಮ ಭಾಗದ ಒಂದೂವರೆ ಶತಮಾನದ ಚರಿತ್ರೆಯ ಒಂದು ಎಳೆ ಇದೆ. ಅದನ್ನು ನನ್ನ ಹಳೆಯ ವಿದ್ಯಾರ್ಥಿಗಳ ಮತ್ತು ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲ ಕಾರಣ ಎಲ್ಲರಿಗೂ ತಿಳಿದದ್ದೇ. ನೂರಾರು ಸಲ ಒಗೆದ ಹತ್ತಿಯ ಅರಿವೆಯಷ್ಟು ಮೆತ್ತಗಿನದು ಬೇರೊಂದಿಲ್ಲ. ಹೊಸ ಅರಿವೆಯಲ್ಲಿ ಗಂಜಿ ಇರುತ್ತದೆ, ನೂಲಿನ ಒರಟು ಇರುತ್ತದೆ. ಒಗೆತಕ್ಕೆ ಸಿಕ್ಕಂತೆಲ್ಲ ಆ ಬಿಗುವು ಕಳೆದು, ಅರಿವೆ ನೀರನ್ನು ಬೇಗ ಹೀರುವ ಗುಣ ಪಡೆಯುತ್ತದೆ. ಮೂರು ನಾಲ್ಕು ಪದರು ಇಟ್ಟು ಹೊಲಿದಾಗ ಪದರುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಅದು ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಫ್ಲಾನೆಲ್ ಅರಿವೆಯ ಗುಟ್ಟೂ ಇದೇ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಮೊದಲು ಉಣ್ಣೆಯಿಂದ ನೇಯುತ್ತಿದ್ದ ಈ ಬಟ್ಟೆಯನ್ನು ಮುಂದೆ ಹತ್ತಿಯಲ್ಲಿಯೂ ನೇಯತೊಡಗಿದರು. ನೇಯ್ದ ಮೇಲೆ ಮೇಲ್ಮೈಯನ್ನು ಕೆರೆದು ನವಿರಾದ ಜುಂಗು ಎಬ್ಬಿಸುತ್ತಾರೆ. ಆ ಜುಂಗಿನಲ್ಲಿ ಗಾಳಿ ನಿಲ್ಲುತ್ತದೆ. ಗಿರಣಿ ಯಂತ್ರದಿಂದ ಮಾಡುವ ಕೆಲಸವನ್ನು ನಮ್ಮ ಅಜ್ಜಿಯರು ಪದರುಗಳಿಂದಲೂ ಸೂಜಿಯಿಂದಲೂ ಮಾಡಿಕೊಂಡಿದ್ದರು. ಕುರಿಯ ಉಣ್ಣೆಯ ಕಂಬಳಿ ನಮ್ಮಲ್ಲಿ ಹೇರಳವಾಗಿತ್ತು. ಅದು ಬೆಚ್ಚಗೆ ನಿಜ, ಆದರೆ ಎಳೆಯ ಮೈಗೆ ಚುಚ್ಚುತ್ತದೆ. ಆದ್ದರಿಂದ ಕಂಬಳಿ ಬಾಣಂತಿಯ ಹೊರಸಿಗೆ, ಕೌದಿ ಕೂಸಿಗೆ.

ಮೆತ್ತಗಿರಲೆಂದು ಹಳೆಯದನ್ನು ಬಳಸಿದರು ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ಆದರೆ ಮೆತ್ತಗೇ ಬೇಕೆಂದರೆ ಹೊಸ ಅರಿವೆಯನ್ನು ನಾಲ್ಕಾರು ಸಲ ಒಗೆದರೆ ಸಾಕಲ್ಲ! ಹೊಸದು ಬೇಡವೇ ಬೇಡ ಎಂಬ ಹಟಕ್ಕೆ ಇನ್ನೊಂದು ಕಾರಣವಿತ್ತು. ಅದು ಭಯ. ಕೂಸು ಉಳಿಯುವುದೋ ಇಲ್ಲವೋ ಎಂಬ ಭಯ.

ನಾನು ಹಾಜರಿ ಕೂಗುತ್ತಿದ್ದ ವರ್ಷಗಳಲ್ಲಿ ನಮ್ಮ ಶಾಲೆಯ ಪ್ರತಿ ತರಗತಿಯಲ್ಲಿ ಒಬ್ಬ ತಿಪ್ಪಣ್ಣನೋ, ಕಲ್ಲಪ್ಪನೋ, ಗುಂಡಪ್ಪನೋ, ಅಡಿವೆಪ್ಪನೋ ಇದ್ದೇ ಇರುತ್ತಿದ್ದ. ಹುಡುಗರು ತಿಪ್ಪಣ್ಣನನ್ನು ನೋಡಿ ನಗುತ್ತಿದ್ದರು. ನಗುವ ಹೆಸರಲ್ಲ ಅದು. ಹೆತ್ತ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡಾಗ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು, ಯಾರಿಗೂ ಬೇಡವಾದ ಕೂಸು ಇದು, ಸಾವಿಗೂ ಬೇಡವಾಗಲಿ ಎಂದು ಹಿರಿಯರು ಅಂಥ ಹೆಸರು ಇಡುತ್ತಿದ್ದರು. ಹಳೆಯ ಅರಿವೆಯ ಹಿಂದಿನ ಭಾವವೂ ಅದೇ. ಹೊಸದನ್ನು ಉಡಿಸಿದರೆ ಕಣ್ಣು ತಾಗುತ್ತದೆ. ಹರಕು ಹೊದಿಸಿದರೆ ಯಾರೂ ಅತ್ತ ನೋಡುವುದಿಲ್ಲ. ಜೊತೆಗೆ, ತುಂಬು ಆಯುಷ್ಯ ಬಾಳಿದ ಅಜ್ಜ ಅಜ್ಜಿಯರು ಉಟ್ಟ ಅರಿವೆ ತಾಗಿದರೆ ಅವರ ಆಯುಷ್ಯ ಕೂಸಿಗೂ ಬರಲಿ ಎಂಬ ಹಾರೈಕೆ.

ಈ ಭಯಕ್ಕೆ ಆಧಾರವಿತ್ತು. 1876ರಿಂದ 1878ರವರೆಗಿನ ಘೋರ ಬರಗಾಲದಲ್ಲಿ ನಮ್ಮ ಜಿಲ್ಲೆ ನಲುಗಿಹೋಯಿತು. ಆಗ ಇದರ ಹೆಸರು ಕಲಾದಗಿ ಜಿಲ್ಲೆ. 1885ರಲ್ಲಿ ಜಿಲ್ಲೆಯ ಕೇಂದ್ರ ವಿಜಾಪುರಕ್ಕೆ ಬಂದಿತು. 1872ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಕಡಿಮೆಯಾದದ್ದು ಕಾಣುತ್ತದೆ. ಸತ್ತವರೂ ಊರು ಬಿಟ್ಟವರೂ ಸೇರಿ ಆದ ಕೊರತೆ ಅದು. ಇಷ್ಟು ಹಿಂದೆ ಹೋಗುವುದೂ ಬೇಡ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ಹಳೆಯ ಅರಿವೆಯ ಪದ್ಧತಿ ಸಡಿಲವಾಯಿತು ಎಂಬುದನ್ನು ಗಮನಿಸಬೇಕು.

ಇದು ನಮ್ಮ ಸೀಮೆಯ ಮೂಢನಂಬಿಕೆ ಮಾತ್ರ ಎಂದು ತಿಳಿಯಬೇಡಿ. ಚೀನ ದೇಶದಲ್ಲಿ ಕೂಸಿಗಾಗಿ ಹಲವು ಮನೆಗಳಿಂದ ಚಿಂದಿ ಬೇಡಿ ತಂದು 'ನೂರು ಮನೆಗಳ ಅಂಗಿ' ಹೊಲಿಯುತ್ತಿದ್ದರು. ಜಪಾನಿನ ಕಾನಾಜಾವಾ ಭಾಗದಲ್ಲಿಯೂ ನೂರು ಮನೆಗಳ ತುಂಡುಗಳನ್ನು ಕೂಡಿಸಿ ಕೂಸಿಗೆ ಉಡುಪು ಹೊಲಿಯುವ ರೂಢಿಯಿತ್ತು. ಅದನ್ನು ಅವರು ಹ್ಯಾಕುತೊಕು ಎಂದು ಕರೆಯುತ್ತಾರೆ. ನಮ್ಮ ದೇಶದಲ್ಲೇ ಬಿಹಾರದ ಹೆಣ್ಣುಮಕ್ಕಳು ಹೊಸ ಕೂಸಿಗಾಗಿ ಹಳೆಯ ಸೀರೆಗಳಿಂದ 'ಸುಜನಿ' ಹೊಲಿಯುತ್ತಾರೆ. ಚಿಂದಿಗಳ ತಾಯಿಯೆಂದು ಚಿತಿರಿಯಾ ಮಾ ಎಂಬ ದೇವಿಯನ್ನು ಅವರು ಅದರೊಡನೆ ನೆನೆಯುತ್ತಾರೆ. ಒಬ್ಬರನ್ನೊಬ್ಬರು ಕಾಣದ ಈ ತಾಯಂದಿರು ಒಂದೇ ಉಪಾಯಕ್ಕೆ ಬಂದದ್ದು ಹೇಗೆ? ಎಲ್ಲರ ಮನೆಯಲ್ಲಿಯೂ ತೊಟ್ಟಿಲು ಬರಿದಾದ ಅನುಭವ ಇತ್ತು, ಅಷ್ಟೆ.

ನಮ್ಮ ಮನೆಯ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮವ್ವ ಹಡೆದದ್ದು ಏಳು ಮಕ್ಕಳನ್ನು, ಉಳಿದವರು ನಾವು ನಾಲ್ವರು. 1972ರ ಬರಗಾಲದ ವರ್ಷ ಹುಟ್ಟಿದ ತಂಗಿ ಒಂಬತ್ತು ದಿನ ಬದುಕಿದಳು. ಆಗ ನನಗೆ ಹನ್ನೊಂದು ವರ್ಷ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನಕ್ಕೆ ಇನ್ನೂ ಮೂರು ದಿನ ಉಳಿದಿದ್ದವು. ಆದ್ದರಿಂದ ಅವಳಿಗೆ ಹೆಸರಿಲ್ಲ. ಅಪ್ಪನ ದೋತರ ಮತ್ತು ಆಯಿಯ ಸೀರೆ ಸೇರಿಸಿ ಹೊಲಿದ ಕೌದಿಯಲ್ಲಿಯೇ ಅವಳನ್ನು ಸುತ್ತಿಕೊಂಡು ಹೋದರು. ಕೌದಿಯನ್ನು ಮರಳಿ ತರಲಿಲ್ಲ, ತರುವ ಪದ್ಧತಿಯೂ ಇಲ್ಲ. ಇತಿಹಾಸದ ಪಾಠದಲ್ಲಿ ಲಿಖಿತ ಆಧಾರ, ಅಲಿಖಿತ ಆಧಾರ ಎಂದು ನಿಮಗೆ ಕಲಿಸುವಾಗಲೆಲ್ಲ ನನಗೆ ಇದು ನೆನಪಿಗೆ ಬರುತ್ತಿತ್ತು. ಇಂದು ಯಾರದಾದರೂ ಮನೆಯ ಟ್ರಂಕಿನಲ್ಲಿ ಹಳೆಯ ಕೂಸಿನ ಕೌದಿ ಸಿಕ್ಕರೆ ಅದು ಬದುಕಿ ಉಳಿದ ಕೂಸಿನ ಕೌದಿ. ಉಳಿಯದವರ ಕೌದಿಗಳು ಅವರೊಡನೆ ಮಣ್ಣು ಸೇರಿದವು. ನಮ್ಮ ಕೈಗೆ ಸಿಗುವ ಆಧಾರಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ.

ಆ ಅರ್ಧ ಕಥೆಯನ್ನಾದರೂ ಓದೋಣ. ಚಿಂದಿ ಜೋಡಿಸಿ ಹೊಲಿಯುವ ಈ ಕಲೆ ನಮ್ಮ ನಾಡಿನಲ್ಲಿ ಬಲು ಹಳೆಯದು. ಸಂಸ್ಕೃತದ 'ಕಂಥಾ' ನಮ್ಮಲ್ಲಿ 'ಕಂಥೆ' ಆಯಿತು. ಅದಕ್ಕೆ 'ಬೊಂತೆ' ಎಂಬ ಹೆಸರೂ ಇದೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲಿ ಆ ಶಬ್ದ ಇಂದಿಗೂ ಬದುಕಿದೆ. ದೂರದ ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದಳೆಂದು ಹೇಳಲಾಗುವ ಈ ಶರಣೆ ಅರಸುಮನೆಯ ವಸ್ತ್ರಗಳನ್ನು ತೊರೆದು ಬೊಂತೆ ಹೊದ್ದವಳೆಂದು ಪರಂಪರೆ ನೆನೆಯುತ್ತದೆ. 'ಬಿಡಾಡಿ' ಎಂಬುದು ಅವಳ ವಚನಗಳ ಅಂಕಿತ. ಅದೇ ಕಾಲದ ಇನ್ನೊಬ್ಬ ವಚನಕಾರ ಸೂಜಿಕಾಯಕದ ರಾಮಿತಂದೆ. ಸೂಜಿಯ ಕೆಲಸವನ್ನೇ ತನ್ನ ಹೆಸರಿನ ಮುಂದೆ ಇರಿಸಿಕೊಂಡವನು. ಬಸವಣ್ಣನ ಹುಟ್ಟೂರನ್ನು ತಾಲೂಕಿನ ಹೆಸರಾಗಿ ಹೊತ್ತ ನಮಗೆ, ಸೂಜಿದಾರದ ಕೆಲಸವೂ ಕಾಯಕವೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕೌದಿಯ ಪದರುಗಳು. ಹತ್ತಿ ನಮ್ಮ ಕಪ್ಪು ಮಣ್ಣಿನ ಬೆಳೆ. ಮನೆಯಲ್ಲಿ ನೂತ ನೂಲು, ಊರ ಮಗ್ಗದಲ್ಲಿ ನೇಯ್ದ ಅರಿವೆ, ಇದು ಮೊದಲಿನ ಪದರು. ಕೃಷ್ಣೆ ದಾಟಿದರೆ ಇಳಕಲ್ಲು. ಅಲ್ಲಿಯ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲು ಸವೆದು ಹರಿದ ಮೇಲೂ ಕೆಂಪು ಸೆರಗು ಗಟ್ಟಿಯಾಗಿಯೇ ಇರುತ್ತದೆ. ಅದಕ್ಕಾಗಿ ದೊಡ್ಡವರ ಕೌದಿಗಳಲ್ಲಿ ನಡುವೆ ಒಂದು ಕೆಂಪು ಚೌಕ ಕಾಣುವುದುಂಟು. ಕೂಸಿನ ಕೌದಿಗೆ ಸೆರಗನ್ನು ಬಿಟ್ಟು ಒಡಲನ್ನೇ ಆರಿಸುತ್ತಿದ್ದರು, ಹತ್ತಿ ಮೆತ್ತಗೆ ಎಂಬ ಕಾರಣಕ್ಕೆ.

1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿ ಎದ್ದಿತು. 1880ರ ದಶಕದಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ರೈಲು ಓಡತೊಡಗಿತು. ಇಂಡಿಯ ಭಾಗಕ್ಕೆ ಸೊಲ್ಲಾಪುರ ಅಂಗಳದಂತಾಯಿತು. ಗಿರಣಿಯ ದೋತರ, ಗಿರಣಿಯ ಸೀರೆ ಕೌದಿಯ ಎರಡನೆಯ ಪದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸರ್ಕಾರ ಅರಿವೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆದೇಶ ಹೊರಡಿಸಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಹಿರಿಯರು ಅದನ್ನು 'ಕಂಟ್ರೋಲ್ ಕಾಲ' ಎಂದೇ ಕರೆಯುತ್ತಿದ್ದರು. ಹಣ ಕೊಟ್ಟರೂ ಹೊಸ ಅರಿವೆ ಸಿಗದ ಆ ದಿನಗಳಲ್ಲಿ ಹಳೆಯದನ್ನು ಹಳೆಯದಕ್ಕೆ ಹಚ್ಚಿ ಹೊಲಿಯುವುದು ಅನಿವಾರ್ಯವಾಗಿತ್ತು. ಆ ಕಾಲದ ಕೌದಿಯಲ್ಲಿ ಬಣ್ಣ ಕಡಿಮೆ, ತೇಪೆ ಹೆಚ್ಚು.

ಮೂರನೆಯ ಪದರು 1970ರ ದಶಕದಿಂದ ಕಾಣುವ ಟೆರಿಲೀನ್, ನೈಲಾನ್, ಪಾಲಿಯೆಸ್ಟರ್. ಇಲ್ಲಿಗೆ ಕೂಸಿನ ಕೌದಿಯ ದಾರ ಹರಿಯಿತು ಎನ್ನಬೇಕು. ಈ ಸೀರೆಗಳು ಸವೆಯುವುದಿಲ್ಲ, ನಿಜ. ಸವೆಯದ ಅರಿವೆ ಮೆತ್ತಗೂ ಆಗುವುದಿಲ್ಲ. ಬೆವರು ಹೀರುವುದಿಲ್ಲ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹೊರಸಿನ ಕೆಳಗೆ ಶೆಗಡಿ ಇಡುವ ಬಾಣಂತಿಯ ಕೋಣೆಯಲ್ಲಿ ಅದು ಅಪಾಯದ ವಸ್ತು. ತಾಯಂದಿರು ನೈಲಾನ್ ಸೀರೆ ಉಡತೊಡಗಿದ ಮೇಲೆ ಮೊಮ್ಮಕ್ಕಳ ಕೌದಿಗೆ ಹತ್ತಿಯ ಹಳೆಯ ಸೀರೆ ಎಲ್ಲಿಂದ ಬರಬೇಕು? ಹೀಗೆ, ನಂಬಿಕೆ ಸಡಿಲವಾಗುತ್ತಿದ್ದ ಕಾಲದಲ್ಲಿಯೇ ಸಾಮಗ್ರಿಯೂ ಇಲ್ಲವಾಯಿತು.

ಇದನ್ನು ಹೊಲಿಯುತ್ತಿದ್ದವರು ಯಾರು? ಮನೆಯ ಹೆಂಗಸರು, ಅದರಲ್ಲೂ ಕಣ್ಣು ಚೆನ್ನಾಗಿದ್ದ ಅಜ್ಜಿಯರು. ಸುಗ್ಗಿ ಮುಗಿದು ಮುಂಗಾರು ಹಿಡಿಯುವ ಮೊದಲಿನ ಬಿಸಿಲ ದಿನಗಳು ಕೌದಿಯ ಕಾಲ. ಮಾಳಿಗೆ ಮನೆಯ ಪಡಸಾಲೆಯಲ್ಲಿ ಹಾಸಿ, ನಾಲ್ಕು ಕಡೆ ನಾಲ್ವರು ಕೂತು ಹೊಲಿಯುತ್ತಿದ್ದರು. ಇವರಲ್ಲದೆ ಕೌದಿ ಹೊಲಿಯುವುದನ್ನೇ ಜೀವನೋಪಾಯ ಮಾಡಿಕೊಂಡವರೂ ಇದ್ದರು. ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ, ಮನೆಯವರು ಕೊಟ್ಟ ಚಿಂದಿಯಿಂದ ಅವರ ಅಂಗಳದಲ್ಲಿಯೇ ಕೌದಿ ಹೊಲಿದುಕೊಡುತ್ತಿದ್ದರು. ನಮ್ಮೂರಲ್ಲಿ ಅವರ ಕೂಲಿ ಜೋಳ, ಊಟ, ಮೇಲೊಂದಿಷ್ಟು ರೊಕ್ಕ. ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಊರಿನ ಹೆಸರು ಅಂಟಿಕೊಂಡಿದೆ. ಕೌದಿಗೆ ಊರೂ ಇಲ್ಲ, ಹೊಲಿದವಳ ಹೆಸರೂ ಇಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೈಗೆ ಮಾತ್ರ ಸ್ವಲ್ಪ ಮನ್ನಣೆ ಸಿಕ್ಕಿತು. ಆಫ್ರಿಕಾ ಮೂಲದ ಈ ಸಮುದಾಯದವರು ಹೊಲಿಯುವ 'ಕವಂದಿ' ನಮ್ಮ ಕೌದಿಯ ಅಕ್ಕತಂಗಿ. ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಚಿದ ಅರಿವೆಯ ಪುಟ್ಟ 'ಫುಲ' ಇಲ್ಲದಿದ್ದರೆ ಕವಂದಿ ಬರಿಮೈಯಲ್ಲಿದ್ದಂತೆ ಎಂದು ಅವರು ಭಾವಿಸುತ್ತಾರೆ. ಅವರ ಕವಂದಿಗಳು 2011ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಕಂಡವು. ನಮ್ಮ ಮನೆಗಳಲ್ಲಿ ಅಂಥವೇ ಕೌದಿಗಳು ಜೋಳದ ಚೀಲ ಮುಚ್ಚಲು ಬಿದ್ದಿವೆ.

ಹೊಸ ಅರಿವೆಗೆ ಅವಕಾಶವೇ ಇರಲಿಲ್ಲವೆಂದಲ್ಲ. ಐದನೆಯ ರಾತ್ರಿ ಹಣೆಬರಹ ಬರೆಯುವ ತಾಯಿ ಬಂದುಹೋದಳೆಂದು ನಂಬಿ, ಕೂಸು ಹನ್ನೆರಡು ಹದಿಮೂರು ದಿನ ದಾಟಿತೆಂದರೆ ತೊಟ್ಟಿಲ ಸಡಗರ. ಆಗ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ, ತಲೆಗೆ ಕುಲಾವಿ, ಹೊಸ ಅಂಗಿ. ಕುಂಚಿಗೆ ತಲೆಯಿಂದ ಬೆನ್ನಿನ ಕೆಳಗೂ ಇಳಿಯುವ ಚೆಂದದ ಉಡುಪು, ಹತ್ತು ಜನರ ಕಣ್ಣಿಗೆ ಬೀಳಲೆಂದೇ ಹೊಲಿದದ್ದು. ಆದರೆ ತೊಟ್ಟಿಲೊಳಗೆ ಬೆನ್ನಿನ ಕೆಳಗೆ ಇರುತ್ತಿದ್ದದ್ದು ಮಾತ್ರ ಹಳೆಯ ಕೌದಿ. ತೊಟ್ಟಿಲನ್ನೂ ಕೂಸನ್ನೂ ಹಾಡಿದ ಹೆಣ್ಣುಮಕ್ಕಳ ತ್ರಿಪದಿಗಳನ್ನು ಇಂಡಿ ಸೀಮೆಯ ಹಲಸಂಗಿ ಗೆಳೆಯರು ಕಿವಿಯಿಂದ ಕೇಳಿ ಬರೆದುಕೊಂಡು, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಆ ಗೆಳೆಯರಲ್ಲಿ ಒಬ್ಬರಾದ ಚಡಚಣದ ಸಿಂಪಿ ಲಿಂಗಣ್ಣನವರ ಮನೆತನದ ಹೆಸರಿನಲ್ಲಿಯೇ ಹೊಲಿಗೆಯ ಕಸುಬು ಇದೆ. ಅವರಿಂದಾಗಿ ಹಾಡು ಉಳಿಯಿತು. ಕೌದಿಯನ್ನು ಹಾಗೆ ಯಾರೂ ಬರೆದಿಡಲಿಲ್ಲ.

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದದ್ದು ಈ ಕಥೆಯ ಕೊನೆಯ ತಿರುವು. 2005ರಲ್ಲಿ ಕೇಂದ್ರ ಸರ್ಕಾರ ಜನನಿ ಸುರಕ್ಷಾ ಯೋಜನೆಯನ್ನೂ, 2007ರಲ್ಲಿ ನಮ್ಮ ರಾಜ್ಯ ಸರ್ಕಾರ ಮಡಿಲು ಯೋಜನೆಯನ್ನೂ ತಂದವು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೊಡುತ್ತಿದ್ದ ಮಡಿಲು ಚೀಲದಲ್ಲಿ ತಾಯಿಗೆ ಹೊದಿಕೆ, ಕೂಸಿಗೆ ಹಾಸಿಗೆ, ಟೋಪಿ, ಕಾಲುಚೀಲ ಇರುತ್ತಿದ್ದವು. ಎಲ್ಲವೂ ಹೊಸವು! ಹಳೆಯ ಅರಿವೆಯ ಭಯ ಅಲ್ಲಿಗೆ ಮುಗಿಯಿತು. ಅದು ಮುಗಿದದ್ದಕ್ಕೆ ನನಗೆ ಯಾವ ದುಃಖವೂ ಇಲ್ಲ. ಹೆಸರಿಲ್ಲದೆ ಹೋದ ತಂಗಿಯ ಅಣ್ಣನಾಗಿ ಹೇಳುತ್ತೇನೆ, 129 ಇದ್ದದ್ದು 28ಕ್ಕೆ ಇಳಿಯುವುದಾದರೆ ಸಾವಿರ ಕೌದಿಗಳು ಮರೆಯಾದರೂ ಚಿಂತೆಯಿಲ್ಲ. ಆದರೆ ಭಯ ಹೋಗುವಾಗ ಅದರೊಡನಿದ್ದ ಹಾರೈಕೆಯೂ ಹೋಗಬೇಕೆಂದು ಎಲ್ಲಿದೆ? ಗೋವಾಕ್ಕೋ, ಬೆಂಗಳೂರಿಗೋ, ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವ ನಮ್ಮ ಹಳ್ಳಿಗಳ, ನಮ್ಮ ತಾಂಡಾಗಳ ತಾಯಂದಿರು ಇಂದಿಗೂ ಕೆಲಸದ ಜಾಗದಲ್ಲಿ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಊರು ಬಿಟ್ಟ ಕೂಸಿಗೆ ಅಜ್ಜಿಯ ಮನೆಯ ವಾಸನೆ ಸಿಗುವುದು ಆ ಸೀರೆಯಲ್ಲಿಯೇ.

ನಿಮ್ಮಲ್ಲಿ ಅನೇಕರು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿನವರು. ಹೊಲಿಯಬೇಕೆಂದಿದ್ದರೆ ವಿಧಾನ ಬಹಳ ಸುಲಭ. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ ಸಾಕು. ಅಪ್ಪಟ ಹತ್ತಿಯ ಹಳೆಯ ಸೀರೆ, ದೋತರ, ಅಂಗಿಗಳನ್ನು ಬಿಸಿನೀರಿನಲ್ಲಿ ಒಗೆದು ಕಡು ಬಿಸಿಲಿಗೆ ಒಣಗಿಸಿರಿ. ಜರಿ, ಗುಂಡಿ, ದಪ್ಪ ಅಂಚು ಇದ್ದರೆ ಕತ್ತರಿಸಿ ತೆಗೆಯಿರಿ. ಕೆಳಗೆ ಒಂದು ಇಡೀ ತುಂಡು ಹಾಸಿ, ನಡುವೆ ಒಂದೆರಡು ಪದರು ಇಟ್ಟು, ಮೇಲೆ ಚೌಕ ತುಂಡುಗಳನ್ನು ಅಂಚು ಮಡಚಿ ಜೋಡಿಸಿರಿ. ಪದರು ಸರಿಯದಂತೆ ಮೊದಲು ದೂರ ದೂರ ಕಚ್ಚಾ ಹೊಲಿಗೆ ಹಾಕಿರಿ. ಅನಂತರ ಅಂಚಿನಿಂದ ಆರಂಭಿಸಿ ಬೆರಳಗಲ ಅಂತರದಲ್ಲಿ ಸಾದಾ ಹೊಲಿಗೆ ಹಾಕುತ್ತ, ಸುತ್ತು ಸುತ್ತಾಗಿ ನಡುವಿಗೆ ಬನ್ನಿರಿ. ದಾರದ ಗಂಟನ್ನು ಪದರುಗಳ ಒಳಗೆ ಅಡಗಿಸಿರಿ, ಕೂಸಿನ ಮೈಗೆ ಗಂಟು ಒತ್ತಬಾರದು. ಕೊನೆಗೆ ಕಚ್ಚಾ ಹೊಲಿಗೆಯನ್ನು ಬಿಚ್ಚಿರಿ. ಹಳೆಯ ಹತ್ತಿ ಸಿಗದಿದ್ದರೆ ಫ್ಲಾನೆಲ್ ತುಂಡು ತಂದು ಎರಡು ಸಲ ಒಗೆದು, ಅದಕ್ಕೆ ಒಳಪದರಾಗಿ ಮನೆಯ ಹಿರಿಯರ ಒಂದು ಹತ್ತಿಯ ಅರಿವೆಯನ್ನಾದರೂ ಇಟ್ಟು ಹೊಲಿಯಿರಿ. ಹೊದಿಸುವಾಗ ಕೂಸಿನ ಮುಖ ಮುಚ್ಚದಂತೆ ನೋಡಿಕೊಳ್ಳುವುದು ತಾಯಿಯ ಜವಾಬ್ದಾರಿ.

ಒಂದು ಕೆಲಸವನ್ನು ಮಾತ್ರ ನಮ್ಮ ಹಿರಿಯರು ಮಾಡಲಿಲ್ಲ, ನೀವು ಮಾಡಿರಿ. ಕೌದಿಯ ಒಂದು ಮೂಲೆಯಲ್ಲಿ ದಾರದಿಂದಲೇ ಹೊಲಿದವರ ಹೆಸರನ್ನೂ ವರ್ಷವನ್ನೂ ಬರೆಯಿರಿ. ಯಾವ ತುಂಡು ಯಾರು ಉಟ್ಟದ್ದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಟ್ರಂಕಿನಲ್ಲಿಡಿರಿ. ಹಳೆಯ ಕೌದಿಗಳು ಮನೆಯಲ್ಲಿದ್ದು, ಅವುಗಳ ಬಗ್ಗೆ ಹೇಳಬಲ್ಲ ಹಿರಿಯರು ಇನ್ನೂ ಇದ್ದರೆ, ಈ ಬೇಸಿಗೆಯಲ್ಲಿಯೇ ಕೇಳಿ ಬರೆದುಕೊಳ್ಳಿರಿ. ಬರೆದದ್ದನ್ನು ನನಗೂ ಕಳಿಸಿದರೆ ಸಂತೋಷ.